ಸೇಡಂ ದಾರಿಯ ಫರ್ಸಿ ಚೂರು, ಒಡೆದ ಚೇಂಬರ್: ಒಂದು ಪ್ರಕರಣ

ಗಾಡಿ ನಮ್ಮ ಮಾಮಾನದು. ಎಂಟು ವರ್ಷ ಹಳೆಯ ಪೆಟ್ರೋಲ್ ಸೆಡಾನ್. ಹೊತ್ತಿಗೆ ಸರಿಯಾಗಿ ಸರ್ವೀಸ್ ಆಗಿದೆ, ಎಂಜಿನ್ ಯಾವತ್ತೂ ತಕರಾರು ಮಾಡಿಲ್ಲ. ಮೇ ತಿಂಗಳ ಮದುವೆ ಸೀಸನ್ನಿನಲ್ಲಿ ಅದು ಕಲಬುರಗಿಯಿಂದ ಸೇಡಂ ಕಡೆಗೆ ಹೊರಟಿತ್ತು. ಒಳಗೆ ಐದು ಜನ, ಡಿಕ್ಕಿ ತುಂಬ ಆಯೇರಿಯ ಸಾಮಾನು. ಓಡಿಸುತ್ತಿದ್ದವನು ಮಾಮಾನ ಮಗ.

ಆ ದಾರಿಯಲ್ಲಿ ಏನೇನು ಓಡಾಡುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಸಿಮೆಂಟ್ ಕಾರ್ಖಾನೆಗಳ ಬಲ್ಕರ್ ಲಾರಿಗಳು, ಜೊತೆಗೆ ಫರ್ಸಿ ಹೇರಿದ ಟ್ರ್ಯಾಕ್ಟರ್‌ಗಳು. ಫರ್ಸಿ ಅಂದರೆ ನಾವು ಮನೆಗೆ ಹಾಸುವ ಶಹಾಬಾದ್ ಕಲ್ಲು, ಪದರ ಪದರವಾಗಿ ಏಳುವ ಸುಣ್ಣಕಲ್ಲು. ಟ್ರೇಲರ್ ಕುಲುಕಿದರೆ ಅಂಚು ಮುರಿದು ಚೂರು ಕೆಳಗೆ ಬೀಳುತ್ತದೆ, ಮುರಿದ ಕಡೆ ಚೂಪಾಗಿರುತ್ತದೆ. ಇನ್ನು ರಸ್ತೆಯ ಬದಿ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಮೇ ತಿಂಗಳ ಹೊತ್ತಿಗೆ ಡಾಂಬರಿನ ಅಂಚು ಮೇಲೆ, ಮಣ್ಣು ಕೆಳಗೆ.

ಮಳಖೇಡ ದಾಟಿದ ಮೇಲೆ ಎದುರಿಗೆ ಒಂದು ಬಲ್ಕರ್ ಬಂತು. ಹುಡುಗ ದಾರಿ ಬಿಡಲು ಎಡಕ್ಕೆ ಸರಿದ. ಎಡಗಡೆಯ ಗಾಲಿಗಳು ಡಾಂಬರಿನಿಂದ ಕೆಳಗಿಳಿದವು, ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರವಾಯಿತು. ಅಲ್ಲೇ ಬಿದ್ದಿದ್ದ ಫರ್ಸಿ ಚೂರು ಕೆಳಗಿನಿಂದ ಠಣ್ ಅಂತ ಬಡಿಯಿತು. ಐದು ಜನರ ಭಾರ ಇಲ್ಲದಿದ್ದರೆ ಬಹುಶಃ ತಾಗುತ್ತಲೇ ಇರಲಿಲ್ಲ. ಕಂಪನಿಯವರು ಕಾಗದದಲ್ಲಿ ಕೊಡುವ ಗ್ರೌಂಡ್ ಕ್ಲಿಯರೆನ್ಸ್ ಬಹಳ ಸಲ ಖಾಲಿ ಗಾಡಿಯ ಅಳತೆ. ಜನ, ಸಾಮಾನು ತುಂಬಿದ ಮೇಲೆ ಸೆಡಾನ್ ಎಷ್ಟು ಕೂರುತ್ತದೆ ಅಂತ ಒಮ್ಮೆ ಹಿಂದೆ ನಿಂತು ನೋಡಿದರೆ ಗೊತ್ತಾಗುತ್ತದೆ.

ಬಡಿದ ಮೇಲೂ ಗಾಡಿ ಚೆನ್ನಾಗೇ ಓಡಿತು. ಸದ್ದಿಲ್ಲ, ಹೊಗೆಯಿಲ್ಲ. ಎಲ್ಲರೂ ಅದನ್ನು ಮರೆತರು. ಸ್ವಲ್ಪ ಮುಂದೆ ಒಂದು ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಒಂದು ಕ್ಷಣ ಹತ್ತಿ ಆರಿತು. ಹುಡುಗ ಗಾಡಿಯನ್ನು ಬದಿಗೆ ತಂದು ಚಾವಿ ತಿರುಗಿಸಿ ಬಂದ್ ಮಾಡಿದ. ಎಂಜಿನ್ ಉಳಿದದ್ದು ಇಲ್ಲೇ. ಆಮೇಲೆ ನಡೆದದ್ದೆಲ್ಲ ಈ ಒಂದು ಕೆಲಸವನ್ನು ಹಾಳು ಮಾಡದಂತೆ ನೋಡಿಕೊಂಡ ಕಥೆ.

ಆ ದೀಪದ ಬಗ್ಗೆ ಬಹಳ ಜನರಿಗೆ ತಪ್ಪು ತಿಳುವಳಿಕೆ ಇದೆ. ಆಯಿಲ್ ಕಮ್ಮಿಯಾದರೆ ಹತ್ತುವ ದೀಪ ಅಂದುಕೊಳ್ಳುತ್ತಾರೆ. ಪೆಟ್ರೋಲ್ ಮುಳ್ಳು ಕೆಳಗೆ ಬಂದಾಗ ಇನ್ನೂ ನಾಲ್ಕು ಊರು ಹೋಗಬಹುದಲ್ವಾ, ಹಾಗೇ ಇದೂ ಒಂದು ಮುನ್ಸೂಚನೆ ಅಂತ ಲೆಕ್ಕ. ಆದರೆ ಅದು ತೋರಿಸುವುದು ಆಯಿಲ್‌ನ ಮಟ್ಟವನ್ನಲ್ಲ, ಪ್ರೆಷರ್ ಅನ್ನು. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯೇ ಚೇಂಬರ್. ಅದರಲ್ಲಿರುವ ಆಯಿಲ್ ಅನ್ನು ಪಂಪು ಒಂದು ಜಾಲಿಯ ಮೂಲಕ ಹೀರಿ ಬೇರಿಂಗ್‌ಗಳಿಗೆ, ಮೇಲಿನ ಕ್ಯಾಮ್‌ಶಾಫ್ಟ್‌ಗೆ ತಳ್ಳುತ್ತದೆ. ಜಾಲಿ ಆಯಿಲ್ ಬಿಟ್ಟು ಗಾಳಿ ಹೀರಲು ಶುರುಮಾಡಿದಾಗ ಪ್ರೆಷರ್ ಬಿದ್ದು ದೀಪ ಹತ್ತುತ್ತದೆ. ತಿರುವಿನಲ್ಲಿ ಹತ್ತಿ ನೇರ ದಾರಿಯಲ್ಲಿ ಆರಿದರೆ, ತಳದಲ್ಲಿ ಉಳಿದ ಚೂರುಪಾರು ಆಯಿಲ್ ತಿರುವಿಗೆ ಒಂದು ಬದಿಗೆ ಓಡಿದೆ ಅಂತ ಅರ್ಥ. ಮುಂದಿನ ಸಲ ಹತ್ತಿದರೆ ಆರುವುದಿಲ್ಲ.

ಬಾನೆಟ್ ಎತ್ತಿ, ಆಯಿಲ್ ಮಟ್ಟ ನೋಡುವ ಕಡ್ಡಿ ಡಿಪ್‌ಸ್ಟಿಕ್ ತೆಗೆದರು. ತುದಿಗೂ ಆಯಿಲ್ ಹತ್ತಿರಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ಹನಿ ಬೀಳುವುದೂ ಹೆಚ್ಚುಕಡಿಮೆ ನಿಂತಿತ್ತು. ಹೋಗಬೇಕಾದದ್ದು ಹೋಗಿಯಾಗಿತ್ತು. ಬಂದ ದಾರಿಯುದ್ದಕ್ಕೂ ಒಂದು ಕಪ್ಪು ಗೆರೆ. ಕಾದ ಆಯಿಲ್ ನೀರಿನ ಹಾಗೆ ತೆಳ್ಳಗಿರುತ್ತದೆ, ಸಣ್ಣ ಸೀಳಿದ್ದರೂ ಹೋಗಲು ಹೊತ್ತು ಬೇಕಾಗುವುದಿಲ್ಲ. ತಿರುವಿನಲ್ಲಿ ಜಾಸ್ತಿ ಚೆಲ್ಲಿತ್ತು. ಹತ್ತಿರದ ಚಹಾ ಅಂಗಡಿಯವರು ಬುಟ್ಟಿಯಲ್ಲಿ ಎರೆಮಣ್ಣು ತಂದು ಅದರ ಮೇಲೆ ಸುರಿದರು. ಯಾರೂ ಹೇಳದೆ ಮಾಡಿದ ಕೆಲಸ ಅದು. ಬೈಕಿನವರು ಅಲ್ಲಿ ಜಾರಿ ಬಿದ್ದಿದ್ದರೆ ಪ್ರಕರಣವೇ ಬೇರೆಯಾಗುತ್ತಿತ್ತು.

ಆಮೇಲೆ ಸಲಹೆಗಳ ಸುರಿಮಳೆ. ಒಬ್ಬರು ಸೋಪು ಮೆತ್ತಿ ಅಂದರು. ಇನ್ನೊಬ್ಬರು ಎಂ-ಸೀಲ್ ಹಚ್ಚಿ ಅಂದರು. ಮತ್ತೊಬ್ಬರು ಅಂಗಡಿಯಲ್ಲಿ ಆಯಿಲ್ ಸಿಗುತ್ತದೆ, ಮೂರು ಲೀಟರ್ ಸುರಿದು ಸೇಡಂ ಮುಟ್ಟಿಬಿಡಿ ಅಂದರು. ಮಾಮಾನಿಗೆ ಮುಹೂರ್ತದ ಚಿಂತೆ. ಅವರದು ಒಂದೇ ಮಾತು: "ಸೇಡಂ ಇಲ್ಲೇ ಅದ. ಮೆಲ್ಲಕ ಹೊಡಕೊಂಡು ಹೋದ್ರಾಯ್ತು. ಏನಾಗ್ತದ?"

ಹುಡುಗ ನನಗೆ ಫೋನ್ ಮಾಡಿದ. ನಾನು ನಮ್ಮ ಗಾಡಿಗಳನ್ನು ನೋಡುವ ಕಲಬುರಗಿಯ ಮಿಸ್ತ್ರಿಯನ್ನು ಅದೇ ಫೋನಿಗೆ ಸೇರಿಸಿದೆ. ಊರಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಅಂತಲೇ ಕರೆಯುತ್ತಾರೆ. ಅವರು ತೂತು ಎಲ್ಲಿದೆ, ಎಷ್ಟು ದೊಡ್ಡದು ಅಂತ ಕೇಳಲೇ ಇಲ್ಲ. "ತಮ್ಮಾ, ದೀಪ ಹತ್ತಿದ ಮ್ಯಾಲ ಗಾಡಿ ಎಷ್ಟು ಹೊತ್ತು ಓಡ್ಯದ? ಟಕಟಕ ಅಂತ ಸಪ್ಪಳ ಬಂದದೇನು?" ಇಲ್ಲ ಅಂದ ಹುಡುಗ. "ಹಂಗಾದ್ರ ಛಲೋ ಆಯ್ತು. ಇನ್ನು ಚಾವಿ ಮುಟ್ಟಬ್ಯಾಡ. ಸೆಲ್ಫ್ ಹೊಡಿಬ್ಯಾಡ. ಒಂದ್ ಸಲಾನೂ ಬ್ಯಾಡ." ಆಮೇಲೆ ಮಾಮಾ ಫೋನ್ ಇಸಿದುಕೊಂಡಾಗ ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಸರ, ಎಣ್ಣಿ ಹೋಗಿದ್ದು ದೊಡ್ಡ ಮಾತಲ್ರಿ. ಎಣ್ಣಿ ತುಟ್ಟಿ ಇಲ್ಲ, ಚೇಂಬರೂ ತುಟ್ಟಿ ಇಲ್ಲ. ಎಣ್ಣಿ ಇಲ್ದ ಎಂಜಿನ್ ಎಷ್ಟು ತಿರಗ್ಯದ, ಅಷ್ಟೇ ಲೆಕ್ಕ."

ಮೆಲ್ಲಗೆ ಹೋದರೆ ಏನೂ ಆಗುವುದಿಲ್ಲ ಅನ್ನುವುದು ಬಹಳ ಜನರ ನಂಬಿಕೆ. ಟೈರು ಕೆಟ್ಟಾಗ, ಸಸ್ಪೆನ್ಷನ್ ಕೆಟ್ಟಾಗ ಅದು ಸರಿ. ಇಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ ಕ್ರ್ಯಾಂಕ್‌ಶಾಫ್ಟ್ ತನ್ನ ಬೇರಿಂಗ್‌ಗಳಲ್ಲಿ ಲೋಹಕ್ಕೆ ಲೋಹ ತಾಗಿಸಿಕೊಂಡು ತಿರುಗುವುದಿಲ್ಲ. ನಡುವೆ ಪ್ರೆಷರ್‌ನಲ್ಲಿ ಬರುವ ಆಯಿಲ್‌ನ ತೆಳುವಾದ ಪದರ ಇರುತ್ತದೆ. ಪಂಪನ್ನು ತಿರುಗಿಸುವುದು ಎಂಜಿನ್ನೇ, ಹಾಗಾಗಿ ನಿಧಾನಕ್ಕೆ ಹೋದರೆ ಇರುವ ಪ್ರೆಷರ್ ಇನ್ನೂ ಕಮ್ಮಿ. ಪದರ ಹರಿದರೆ ಬೇರಿಂಗ್ ಶೆಲ್ ಉಜ್ಜಿ, ಕಾದು, ಕೆಲವೇ ನಿಮಿಷಗಳಲ್ಲಿ ಕ್ರ್ಯಾಂಕಿಗೆ ಹಿಡಿದುಕೊಳ್ಳಬಹುದು. ಅಲ್ಲಿಂದ ಮುಂದೆ ಎಂಜಿನ್ ಪೂರ್ತಿ ಬಿಚ್ಚುವ ಕೆಲಸ, ಕ್ರ್ಯಾಂಕ್ ಗ್ರೈಂಡಿಂಗ್, ಕೆಲವೊಮ್ಮೆ ಬೇರೆ ಎಂಜಿನ್ನೇ. ಎಂಟು ವರ್ಷದ ಕಾರಿಗೆ ಆ ಖರ್ಚು ಹಾಕುವ ಮುಂಚೆ ಯಾರಾದರೂ ಎರಡು ಸಲ ಯೋಚನೆ ಮಾಡುತ್ತಾರೆ.

ರಸ್ತೆ ಬದಿಯ ಸಲಹೆಗಳೆಲ್ಲ ಸುಮ್ನೆ ಹೇಳಿದ್ದಲ್ಲ. ಸೋಪಿನ ಉಪಾಯ ಪೆಟ್ರೋಲ್ ಟ್ಯಾಂಕಿನ ಸಣ್ಣ ಸೋರಿಕೆಗೆ ನಿಜವಾಗಿಯೂ ನಡೆಯುತ್ತದೆ, ಪೆಟ್ರೋಲಿಗೆ ಸೋಪು ಕರಗುವುದಿಲ್ಲ. ಆದರೆ ಓಡುವ ಎಂಜಿನ್ನಿನ ಆಯಿಲ್ 100 ಡಿಗ್ರಿಯ ಆಸುಪಾಸು ಇರುತ್ತದೆ, ಅಲ್ಲಿ ಸೋಪು ಮೆತ್ತಗಾಗಿ ಜಾರುತ್ತದೆ. ಎಂ-ಸೀಲ್ ತರಹದ ಎಪಾಕ್ಸಿ ಗಟ್ಟಿಯಾದ ಮೇಲೆ ತಕ್ಕಮಟ್ಟಿಗೆ ತಡೆಯುತ್ತದೆ. ಆದರೆ ಅದು ಹಿಡಿಯಲು ಲೋಹ ಒಣಗಿರಬೇಕು, ಎಣ್ಣೆ ಜಿಡ್ಡು ಒಂಚೂರೂ ಇರಬಾರದು, ಗಟ್ಟಿಯಾಗಲು ಹೊತ್ತು ಕೊಡಬೇಕು. ಸಣ್ಣಗೆ ಜಿನುಗುವ ಚೇಂಬರಿಗೆ, ಬೇರೆ ದಾರಿಯೇ ಇಲ್ಲದ ಕಡೆ, ಊರು ಮುಟ್ಟುವ ಮಟ್ಟಿಗೆ ನಾನೂ ಅದನ್ನು ಒಪ್ಪುತ್ತೇನೆ.

ಆಯಿಲ್ ಸುರಿದು ಹೋಗುವ ಸಲಹೆ ಮಾತ್ರ ಬಹಳ ಸರಿ ಅನ್ನಿಸುವಂಥದ್ದು, ಅದಕ್ಕೇ ಅಪಾಯದ್ದು. ಹನಿ ಹನಿಯಾಗಿ ಸೋರುತ್ತಿದ್ದರೆ ಒಂದು ಕ್ಯಾನ್ ಜೊತೆಗಿಟ್ಟುಕೊಂಡು, ಆಗಾಗ ನಿಲ್ಲಿಸಿ ಡಿಪ್‌ಸ್ಟಿಕ್ ನೋಡುತ್ತಾ ಹೋಗಬಹುದು. ಆದರೆ ಕಲ್ಲು ಬಡಿದ ಚೇಂಬರಿನಲ್ಲಿ ಸೋರಿಕೆಯೊಂದೇ ತೊಂದರೆ ಅಂತ ಹೊರಗಿನಿಂದ ಹೇಳಲು ಬರುವುದಿಲ್ಲ. ಅದು ಗ್ಯಾರೇಜಿನಲ್ಲಿ ಗೊತ್ತಾಯಿತು.

ಮದುವೆಗೆ ಹೋಗುವವರನ್ನು ಒಂದು ಕ್ರೂಸರ್ ಹತ್ತಿಸಿ ಕಳಿಸಿದರು. ಮಾಮಾನ ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇತ್ತು, ಅದು ಅವರಿಗೇ ಗೊತ್ತಿರಲಿಲ್ಲ. ಪಾಲಿಸಿ ಕಾಗದದ ಮೇಲಿದ್ದ ನಂಬರಿಗೆ ಫೋನ್ ಮಾಡಿದ ಮೇಲೆ ಗಾಡಿಯನ್ನು ಮೇಲೆ ಹೇರಿಕೊಂಡು ಹೋಗುವ ಫ್ಲಾಟ್‌ಬೆಡ್ ಲಾರಿ ಬಂತು. ಕಾಯುವುದು ತಡವಾಯಿತು, ನಿಜ. ಹಗ್ಗ ಕಟ್ಟಿ ಎಳೆಯಬಹುದಿತ್ತಲ್ಲ ಅಂತ ಕೇಳಬಹುದು. ಎಂಜಿನ್ ಬಂದ್ ಇದ್ದಾಗ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಇರುವುದಿಲ್ಲ, ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಸ್ಟೀರಿಂಗೂ ಭಾರ. ಆ ಲಾರಿಗಳ ನಡುವೆ ನಲವತ್ತು ಚಿಲ್ಲರೆ ಕಿಲೋಮೀಟರ್ ಹಗ್ಗದ ತುದಿಯಲ್ಲಿ ಬರುವ ಧೈರ್ಯ ನನಗಂತೂ ಇಲ್ಲ. ಗಾಡಿ ಹತ್ತಿಸುವ ಮುಂಚೆ ಹುಡುಗ ಕಲ್ಲು, ರಸ್ತೆಯ ಅಂಚು, ಆಯಿಲ್ ಗೆರೆ, ನಂಬರ್ ಪ್ಲೇಟ್ ಎಲ್ಲದರ ಫೋಟೋ ತೆಗೆದಿಟ್ಟಿದ್ದ. ಕ್ಲೇಮ್ ಮಾಡುವುದಾದರೆ ಸರ್ವೇಯರ್ ಮೊದಲು ಕೇಳುವುದೇ ಅದನ್ನು.

ಗ್ಯಾರೇಜಿನಲ್ಲಿ ಉಸ್ತಾದ್ ಗಾಡಿಯನ್ನು ಎತ್ತಿ, ಸ್ಟ್ಯಾಂಡ್ ಕೊಟ್ಟು, ರಟ್ಟು ಹಾಸಿ ಕೆಳಗೆ ಸರಿದರು. ಮೊದಲು ಮಾಡಿದ್ದು ತೊಳೆಯುವ ಕೆಲಸ. ಬ್ರಷ್, ಸೀಮೆಎಣ್ಣೆ, ಆಮೇಲೆ ಒಣ ಬಟ್ಟೆ. ಅವಸರ ಇದ್ದ ಮಾಮಾನಿಗೆ ಇದು ಕಾಲಹರಣ ಅನ್ನಿಸಿತು. ಆದರೆ ಚೇಂಬರಿನ ಮೇಲೆ ಆಯಿಲ್ ಕಂಡರೆ ಚೇಂಬರೇ ಸೋರುತ್ತಿದೆ ಅಂತ ಅಲ್ಲ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಕ್ರ್ಯಾಂಕ್ ಸೀಲ್, ಆಯಿಲ್ ಫಿಲ್ಟರ್, ಪ್ರೆಷರ್ ಸ್ವಿಚ್, ಮೇಲೆ ಎಲ್ಲಿ ಸೋರಿದರೂ ಅದು ಕೆಳಗಿಳಿದು ಚೇಂಬರಿನ ಅಂಚಿನಿಂದಲೇ ಹನಿಯುತ್ತದೆ. ಕಲ್ಲು ಬಡಿದದ್ದು ಗೊತ್ತಿದ್ದರೂ ಅವರು ತೊಳೆದೇ ನೋಡಿದರು.

ಈ ಗಾಡಿಯ ಚೇಂಬರ್ ಒತ್ತಿ ಮಾಡಿದ ಉಕ್ಕಿನ ತಗಡಿನದು. ಮುಂದಿನ ಮೂಲೆಯಲ್ಲಿ ಅಂಗೈ ಅಗಲದ ತಗ್ಗು ಬಿದ್ದಿತ್ತು. ತಗ್ಗಿನ ಮಡಿಕೆಯಲ್ಲಿ ಉಗುರಿನಷ್ಟು ಉದ್ದದ ಸೀಳು. ಇಷ್ಟೇನಾ ಅನ್ನಿಸಿತು. ಮಾಮಾ ಕೂಡಲೇ, "ಇದಕ್ಕ ವೆಲ್ಡಿಂಗ್ ಹೊಡದ್ರ ಆಯ್ತಲ್ಲ ಉಸ್ತಾದ್?" ಅಂದರು. ಉಸ್ತಾದ್, "ಮೊದ್ಲ ಬಿಚ್ಚಿ ನೋಡಣ್ರಿ" ಅಂದರು, ಅಷ್ಟೇ.

ಸುತ್ತಲಿನ ಬೋಲ್ಟುಗಳು ಸಣ್ಣವು, 10 ನಂಬರ್ ಪಾನಕ್ಕೆ, ಅಂದರೆ ಸ್ಪ್ಯಾನರಿಗೆ ಬರುವಂಥವು. ಎಲ್ಲ ಬಿಚ್ಚಿದರೂ ಚೇಂಬರ್ ಬೀಳಲಿಲ್ಲ, ಸಂದಿಯಲ್ಲಿ ಸೋರದಂತೆ ಹಚ್ಚಿದ್ದ ಹಳೆಯ ಸಿಲಿಕಾನ್ ಅಂಟು ಹಿಡಿದುಕೊಂಡಿತ್ತು. ತೆಳುವಾದ ಪಟ್ಟಿಯನ್ನು ಸಂದಿಗೆ ತೂರಿಸಿ, ಸ್ವಲ್ಪ ಸ್ವಲ್ಪವೇ ತಟ್ಟುತ್ತಾ ಸುತ್ತು ಬಂದರು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬೇಗ ಬರುತ್ತದೆ, ಆದರೆ ಎಂಜಿನ್ ಬ್ಲಾಕಿನ ಅಲ್ಯೂಮಿನಿಯಂ ಮುಖಕ್ಕೆ ಗೆರೆ ಬೀಳುತ್ತದೆ. ಆಮೇಲೆ ಎಷ್ಟು ಸಿಲಿಕಾನ್ ಹಾಕಿದರೂ ಅಲ್ಲಿ ಜಿನುಗುತ್ತದೆ.

ಚೇಂಬರ್ ಕೆಳಗಿಳಿದ ಮೇಲೆ ಉಸ್ತಾದ್ ಅದನ್ನು ಬಿಸಿಲಿಗೆ ಒಯ್ದು ಒಳಭಾಗ ತೋರಿಸಿದರು. ತಗ್ಗು ಬಿದ್ದ ಜಾಗ ಒಳಗೆ ಉಬ್ಬಾಗಿತ್ತು. ಉಬ್ಬಿನ ನೆತ್ತಿಯಲ್ಲಿ ಕಾಸಿನಗಲದ ಒಂದು ಹೊಳೆಯುವ ಗುರುತು. ಜಾಲಿಯ ಬಾಯಿ ತಾಗಿ ಆದ ಗುರುತು ಅದು. ಜಾಲಿಗೂ ಚೇಂಬರಿನ ತಳಕ್ಕೂ ನಡುವೆ ಇರುವುದೇ ಕೆಲವು ಮಿಲಿಮೀಟರ್ ಜಾಗ. ತಳ ಮೇಲೆದ್ದು ಅದನ್ನು ಅರ್ಧ ಮುಚ್ಚಿತ್ತು. ಎಳನೀರಿಗೆ ಹಾಕಿದ ಸ್ಟ್ರಾ ತಳಕ್ಕೆ ಒತ್ತಿ ಹಿಡಿದರೆ ಎಷ್ಟು ಹೀರಿದರೂ ಬರುವುದಿಲ್ಲವಲ್ಲ, ಹಾಗೆ. ದಾರಿಯಲ್ಲಿ ಮೂರು ಲೀಟರ್ ಸುರಿದಿದ್ದರೆ ಡಿಪ್‌ಸ್ಟಿಕ್ ಫುಲ್ ಅಂತ ತೋರಿಸುತ್ತಿತ್ತು. ಸೀಳನ್ನು ಎಂ-ಸೀಲ್ ಹಚ್ಚಿ ಮುಚ್ಚಿದ್ದರೆ ಸೋರಿಕೆಯೂ ಕಾಣುತ್ತಿರಲಿಲ್ಲ. ಎಂಜಿನ್ ಮಾತ್ರ ಆಯಿಲ್ ತುಂಬಿಕೊಂಡೇ ಒಣಗುತ್ತಿತ್ತು. ಸೋರದೇ ಇದ್ದರೂ ತಗ್ಗು ಬಿದ್ದ ಚೇಂಬರನ್ನು ಒಮ್ಮೆ ಬಿಚ್ಚಿ ನೋಡಬೇಕು ಅಂತ ನಾನು ಈಗ ಎಲ್ಲರಿಗೂ ಹೇಳುವುದು ಈ ಗುರುತನ್ನು ನೋಡಿದ್ದರಿಂದ.

ಆಮೇಲೆ ಅವರು ತಳದಲ್ಲಿ ಉಳಿದ ಆಯಿಲ್‌ನಲ್ಲಿ ಬೆರಳು ಎಳೆದು ಬಿಸಿಲಿಗೆ ಹಿಡಿದು, ಅತ್ತಿತ್ತ ಓರೆ ಮಾಡಿ ನೋಡಿದರು. ಹುಡುಕುತ್ತಿದ್ದದ್ದು ಚಮಕಿಯನ್ನು. ಬೇರಿಂಗ್ ಸವೆದಿದ್ದರೆ ಆಯಿಲ್‌ನಲ್ಲಿ ಸಣ್ಣ ಹೊಳೆಯುವ ಪುಡಿ ಇರುತ್ತದೆ. ಅಯಸ್ಕಾಂತ ಹಿಡಿದರೂ ಅದು ಹತ್ತುವುದಿಲ್ಲ, ಶೆಲ್ಲಿನ ಮೇಲ್ಪದರ ಅಲ್ಯೂಮಿನಿಯಂ, ತಾಮ್ರ, ತವರದಂಥ ಲೋಹಗಳದ್ದು. ಫಿಲ್ಟರನ್ನೂ ಕೊಯ್ದು, ಒಳಗಿನ ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದರು. ಕಪ್ಪು ಮಸಿ ಬಿಟ್ಟರೆ ಏನೂ ಇಲ್ಲ. ಅದಾದ ಮೇಲೇ ಬೇರಿಂಗ್ ಕ್ಯಾಪ್ ಬಿಚ್ಚುವುದು ಬೇಡ ಅಂತ ತೀರ್ಮಾನವಾಯಿತು.

ವೆಲ್ಡಿಂಗ್ ವಿಷಯ ಮತ್ತೆ ಬಂತು. ಉಕ್ಕಿನ ತಗಡಿನ ಚೇಂಬರನ್ನು ಬಡಿದು ನೇರ ಮಾಡಿ, ಗ್ಯಾಸ್ ವೆಲ್ಡಿಂಗ್ ಅಥವಾ ಹಿತ್ತಾಳೆ ಬೆಸುಗೆ ಹಾಕುವುದು ಹಳೆಯ ಪದ್ಧತಿ, ಚೆನ್ನಾಗಿ ಮಾಡುವವರು ಕಲಬುರಗಿಯಲ್ಲಿ ಇದ್ದಾರೆ. ಈಗಿನ ಬಹಳ ಗಾಡಿಗಳಲ್ಲಿ ಚೇಂಬರ್ ಎರಕದ ಅಲ್ಯೂಮಿನಿಯಂನದು. ಅದು ತಗ್ಗು ಬೀಳುವ ಬದಲು ಬಿರಿಯುತ್ತದೆ, ಅದಕ್ಕೆ ಆರ್ಗಾನ್ ವೆಲ್ಡಿಂಗ್ ಬೇಕು. ಎರಡರಲ್ಲೂ ಆಯಿಲ್ ಕುಡಿದ ಲೋಹವನ್ನು ಪೂರ್ತಿ ತೊಳೆಯದಿದ್ದರೆ ಬೆಸುಗೆಯಲ್ಲಿ ಗುಳ್ಳೆ ನಿಲ್ಲುತ್ತದೆ, ತಗಡಿನ ಅಂಚು ಶಾಖಕ್ಕೆ ಸೊಟ್ಟಗಾದರೆ ಕೂರುವುದಿಲ್ಲ. ಗಾಡಿಯಲ್ಲಿ ಇದ್ದ ಹಾಗೇ ಕೆಳಗಿನಿಂದ ವೆಲ್ಡಿಂಗ್ ಹೊಡೆಯುವವರೂ ಇದ್ದಾರೆ. ಒಳಗೆ ಆಯಿಲ್ ಆವಿ ತುಂಬಿರುತ್ತದೆ, ಬೆಂಕಿ ಹಿಡಿಯಬಹುದು. ಅದನ್ನು ಮಾಡಿಸಲೇಬೇಡಿ. ಈ ಗಾಡಿಗೆ ಹೊಸ ಚೇಂಬರ್ ಸುಲಭಕ್ಕೆ ಸಿಗುತ್ತಿತ್ತು, ಬೆಲೆಯೂ ಹೆದರಿಸುವಂಥದ್ದಲ್ಲ. ಚೇಂಬರೂ ಜಾಲಿಯೂ ಹೊಸದೇ ಬಂದವು.

ಮಾಮಾ ಇನ್ಶೂರೆನ್ಸ್ ಕ್ಲೇಮ್ ಮಾಡೋಣ ಅಂದರು. ಲೆಕ್ಕ ಹಾಕಿ ಬಿಟ್ಟೆವು. ಕಲ್ಲು ಬಡಿದು ಚೇಂಬರ್ ಒಡೆದರೆ ಅದು ಅಪಘಾತವೇ, ನಮ್ಮ ಗಾಡಿಯದೇ ಹಾನಿಗೆ ಕೊಡುವ ಓನ್ ಡ್ಯಾಮೇಜ್ ಪಾಲಿಸಿಯಲ್ಲಿ ಬರುತ್ತದೆ. ಆದರೆ 5 ವರ್ಷ ದಾಟಿ 10ರ ಒಳಗಿರುವ ಗಾಡಿಯ ಲೋಹದ ಭಾಗಗಳಿಗೆ 40 ಪ್ರತಿಶತ ಸವಕಳಿ ಕಳೆಯುತ್ತಾರೆ. 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ ನಮ್ಮ ಕೈಯಿಂದ. ಆಯಿಲ್, ಫಿಲ್ಟರ್ ಸಾಮಾನ್ಯವಾಗಿ ಸೇರುವುದಿಲ್ಲ, ಅದಕ್ಕೆ ಬೇರೆ ಆ್ಯಡ್-ಆನ್ ಬೇಕು. ಎಲ್ಲ ಕಳೆದು ಕೈಗೆ ಬರುವುದು ಚಿಲ್ಲರೆ, ಅದಕ್ಕಾಗಿ 50 ಪ್ರತಿಶತ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತಿತ್ತು. ಹಾಗಂತ ಇನ್ಶೂರೆನ್ಸ್ ಇಲ್ಲಿ ಲೆಕ್ಕಕ್ಕಿಲ್ಲ ಅನ್ನಬೇಡಿ. ಅವರು ಅವತ್ತು ಸೇಡಂವರೆಗೆ ಓಡಿಸಿ ಎಂಜಿನ್ ಹಿಡಿದುಕೊಂಡಿದ್ದರೆ ಏನಾಗುತ್ತಿತ್ತು? ಅಪಘಾತವಾದ ಗಾಡಿಯನ್ನು ರಿಪೇರಿಗೆ ಮುಂಚೆ ಓಡಿಸಿ ಹಾನಿ ಹೆಚ್ಚಾದರೆ ಆ ಹೆಚ್ಚಿನ ಹಾನಿ ಮಾಲೀಕನದು ಅಂತ ಪಾಲಿಸಿಯ ಷರತ್ತಿನಲ್ಲೇ ಇದೆ. ಚೇಂಬರಿಗೆ ದುಡ್ಡು ಬರುತ್ತಿತ್ತು, ಎಂಜಿನ್ನಿಗೆ ಬರುತ್ತಿರಲಿಲ್ಲ. ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಇದ್ದರೆ ಮಾತು ಬೇರೆ. ಮಾಮಾನಿಗೆ ಅದು ಇರಲಿಲ್ಲ.

ಜೋಡಿಸುವ ಕೆಲಸ ಬಿಚ್ಚುವುದಕ್ಕಿಂತ ನಿಧಾನ. ಬ್ಲಾಕಿನ ಮುಖದಿಂದ ಹಳೆಯ ಸಿಲಿಕಾನ್ ಪೂರ್ತಿ ಕೆರೆದು, ಥಿನ್ನರ್ ಬಟ್ಟೆಯಿಂದ ಒರೆಸಿದರು. ಹೊಸ ಸಿಲಿಕಾನನ್ನು ಬೋಲ್ಟ್ ತೂತುಗಳ ಒಳಬದಿಯಲ್ಲಿ ತೆಳುವಾಗಿ, ಎಲ್ಲೂ ಕಡಿಯದಂತೆ ಒಂದೇ ಗೆರೆ ಎಳೆದರು. ಜಾಸ್ತಿ ಹಾಕಿದರೆ ಭದ್ರ ಅಂದುಕೊಳ್ಳುತ್ತಾರೆ. ಒಳಕ್ಕೆ ಹಿಂಡಿದ ಸಿಲಿಕಾನ್ ಗಟ್ಟಿಯಾಗಿ, ಕಳಚಿ, ಜಾಲಿಗೆ ಹೋಗಿ ಕೂರುತ್ತದೆ. ಅಲ್ಲಿಗೆ ಮೊದಲಿನ ಕಥೆಯೇ. ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಸುತ್ತಿನಲ್ಲಿ ಬಿಗಿದರು. ಈ ಸೈಜಿನ ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು, ಉದ್ದ ಪಾನ ಹಾಕಿ ಮೈಭಾರ ಬಿಟ್ಟರೆ ಅಲ್ಯೂಮಿನಿಯಂ ಹಲ್ಲು ಕಿತ್ತುಬರುತ್ತದೆ. ಡ್ರೇನ್ ಬೋಲ್ಟಿಗೆ ಹೊಸ ವಾಷರ್. ಸಿಲಿಕಾನ್ ಗಟ್ಟಿಯಾಗಲಿ ಅಂತ ರಾತ್ರಿ ಹಾಗೇ ಬಿಟ್ಟು, ಮರುದಿನ ಆಯಿಲ್ ತುಂಬಿದರು.

ಕೂಡಲೇ ಸ್ಟಾರ್ಟ್ ಮಾಡಲಿಲ್ಲ. ಫ್ಯುಯೆಲ್ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ಹತ್ತದಂತೆ ಮಾಡಿ, ಸೆಲ್ಫನ್ನು ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಿದರು. ಕೆಂಪು ದೀಪ ಆರುವವರೆಗೆ. ಬೇರಿಂಗ್‌ಗಳಿಗೆ ಆಯಿಲ್ ಮುಟ್ಟಿದ ಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟು, ಮೇಲಿನಿಂದ ಕೆಳಗಿನವರೆಗೆ ಕೇಳಿದರು. ಟಕಟಕ ಇಲ್ಲ.

ಎರಡು ದಿನ ಆದ ಮೇಲೆ ಮಾಮಾನ ಫೋನ್: "ಉಸ್ತಾದ್, ಮತ್ತ ಸೋರ್ಲಿಕತ್ತದ." ಮನೆಯ ಮುಂದಿನ ಫರ್ಸಿಯ ಮೇಲೆ ನಾಲ್ಕೈದು ಹನಿ ಬಿದ್ದಿದ್ದವು. ಉಸ್ತಾದ್ ಅವಸರ ಮಾಡಲಿಲ್ಲ. ಕೆಳಗೆ ಪೂರ್ತಿ ಒರೆಸಿ, ರಟ್ಟು ಹಾಸಿ ಒಂದು ರಾತ್ರಿ ಬಿಡಲು ಹೇಳಿದರು. ಹನಿ ಬಿದ್ದದ್ದು ಚೇಂಬರಿಗಿಂತ ಹಿಂದೆ, ಗಾಡಿಯ ಕೆಳಗಿನ ಅಡ್ಡ ಪಟ್ಟಿ ಕ್ರಾಸ್ ಮೆಂಬರ್ ಕೆಳಗೆ. ಅವತ್ತು ಗಾಳಿಗೆ ಹಿಂದೆ ಹಾರಿದ ಆಯಿಲ್ ಅದರ ಪೊಳ್ಳಿನಲ್ಲಿ ನಿಂತು, ಗಾಡಿ ಕಾದಾಗ ಇಳಿಯುತ್ತಿತ್ತು. ಅದನ್ನು ಒರೆಸಿದ ಮೇಲೆ ರಟ್ಟು ಒಣಗಿಯೇ ಇತ್ತು.

ಆ ಆಯಿಲ್ ಅನ್ನು ಮಾಮೂಲಿಗಿಂತ ಬೇಗ ಬದಲಿಸಿದರು. ಆಗಲೂ ಫಿಲ್ಟರ್ ಕೊಯ್ದು ನೋಡಿದರು, ಚಮಕಿ ಇರಲಿಲ್ಲ. ಈಗ ಮಾಮಾನ ತಲೆಯಲ್ಲಿ ಕೂತಿರುವುದು ಎಂಜಿನ್ ಗಾರ್ಡ್. ದಪ್ಪ ತಗಡು ಹಾಕಿಸಿಬಿಟ್ಟರೆ ಮುಗಿಯಿತಲ್ಲ ಅನ್ನುತ್ತಾರೆ. ಗಾರ್ಡಿಗೂ ಚೇಂಬರಿಗೂ ನಡುವೆ ಜಾಗ ಇಲ್ಲದಿದ್ದರೆ ಕಲ್ಲಿನ ಏಟು ಗಾರ್ಡ್ ಮೂಲಕವೇ ಚೇಂಬರಿಗೆ ಬೀಳುತ್ತದೆ. ಸೋರಿದ ಆಯಿಲ್ ಗಾರ್ಡಿನಲ್ಲೇ ನಿಂತು ನೆಲದ ಮೇಲೆ ಹನಿಯೂ ಕಾಣುವುದಿಲ್ಲ. ಇರುವ ಕ್ಲಿಯರೆನ್ಸೂ ಸ್ವಲ್ಪ ಕಮ್ಮಿಯಾಗುತ್ತದೆ. ಗಾಡಿಗೆ ಅಳತೆ ಮಾಡಿ, ಡ್ರೇನ್ ಬೋಲ್ಟಿಗೆ ಕಿಂಡಿ ಬಿಟ್ಟು ಮಾಡಿದ್ದಾದರೆ ಹಾಕಿಸಬಹುದು, ಸಿಕ್ಕ ತಗಡು ಕತ್ತರಿಸಿ ಕಟ್ಟುವುದಾದರೆ ಬೇಡ ಅಂತ ನನ್ನ ಅಭಿಪ್ರಾಯ. ಉಸ್ತಾದ್ ಹೇಳಿದ್ದು ಬೇರೆ: "ಗಾರ್ಡ್ ಆಮ್ಯಾಲ ನೋಡಣ್ರಿ ಸರ. ಹಿಂದಿನ ಸ್ಪ್ರಿಂಗ್ ಕೂತಾವ, ಮೊದ್ಲ ಅವು ಹಾಕ್ಸರಿ." ಮಾಮಾ ಸ್ಪ್ರಿಂಗ್ ಆರ್ಡರ್ ಮಾಡಿದ್ದಾರೆ. ಗಾರ್ಡ್ ಬೇಕೋ ಬೇಡವೋ ಅನ್ನುವ ವಾದ ಮನೆಯಲ್ಲಿ ಇನ್ನೂ ನಡೆದಿದೆ.